ಜಮಖಾನದ ಜೋಪಾಸನೆ

(ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾಡಿನ ಏಳಿಗೆಯನ್ನು ಕುರಿತು ಚರ್ಚಿಸುವಾಗ ನಾವು ಎಷ್ಟೋ ಸಲ ಜಮಖಾನದ ಮೇಲೆ ಕುಳಿತಿರುತ್ತೇವೆ. ಜಮಖಾನವನ್ನು ಕುರಿತು ಮಾತ್ರ ಮಾತಾಡುವುದಿಲ್ಲ. ಆ ಕೊರತೆಯನ್ನು ಇಂದು ಕಿಂಚಿತ್ತಾದರೂ ನೀಗಿಸಬೇಕೆಂಬುದು ನಮ್ಮ ಉದ್ದೇಶ.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದಿಲಶಾಹಿಯ ವಿಜಾಪುರದಿಂದ ವಲಸೆ ಬಂದ ಮುಸಲ್ಮಾನ ನೇಕಾರ ಮನೆತನಗಳೊಡನೆ ಈ ವಿದ್ಯೆಯು ಅಲ್ಲಿಗೆ ಬಂದಿತೆಂಬುದು ಪರಂಪರೆಯ ಮಾತು. ನೇಯುವವರು ಹೆಂಗಸರು. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿಯ ನೂಲನ್ನು ಕೈಯಿಂದಲೇ ಹಾಯಿಸಿ, ಪಂಜವೆಂಬ ಹಣಿಗೆಯಿಂದ ಬಡಿದು ಕೂಡಿಸುವರು. ನವಿಲೂ ಪಗಡೆಯ ಪಟವೂ ಎಳೆ ಎಳೆಯಾಗಿ ಮೂಡುವುದು ಹೀಗೆ.

ಈ ನೆಯ್ಗೆಯ ಮರ್ಮವನ್ನರಿತರೆ ಜೋಪಾಸನೆಯ ಕ್ರಮವು ತಾನಾಗಿಯೇ ತಿಳಿಯುವುದು. ಇಲ್ಲಿ ಹೊಕ್ಕಿನ ನೂಲು ಹಾಸಿನ ನೂಲನ್ನು ಪೂರ್ಣವಾಗಿ ಮುಚ್ಚಿರುತ್ತದೆ. ರತ್ನಗಂಬಳಿಯಂತೆ ಮೇಲೆ ಕುಚ್ಚಿಲ್ಲ. ಎರಡು ಮಗ್ಗುಲೂ ಒಂದೇ. ಆದುದರಿಂದ ಆಗಾಗ ಮಗುಚಿ ಹಾಸಿದರೆ ಸವೆತವು ಎರಡು ಕಡೆಗೂ ಹಂಚಿಹೋಗುವುದು. ಜಮಖಾನದ ಮೊದಲ ವೈರಿ ನೀರಲ್ಲ, ಮರಳು. ಎಳೆಗಳ ನಡುವೆ ಸೇರಿದ ಮರಳು ನಡೆದಾಡುವವರ ಕಾಲಿನ ಭಾರಕ್ಕೆ ಗರಗಸದಂತೆ ನೂಲನ್ನು ಕೊಯ್ಯುವುದು. ದಿನವೂ ಮೆದುವಾದ ಕಸಬರಿಗೆಯಿಂದ ಗುಡಿಸಿ, ವಾರಕ್ಕೊಮ್ಮೆ ಎತ್ತಿ ಕೊಡವಬೇಕು. ಬೆತ್ತದಿಂದ ಚಚ್ಚುವ ರೂಢಿಯು ಅಂಚಿನ ನೂಲನ್ನು ಕಡಿಯುತ್ತದೆ, ಅದನ್ನು ಬಿಡತಕ್ಕದ್ದು.

ಏನಾದರೂ ಚೆಲ್ಲಿದರೆ ಉಜ್ಜದೆ ಒಣ ಬಟ್ಟೆಯನ್ನು ಒತ್ತಿ ಹೀರಿಸಬೇಕು. ಒಗೆಯುವ ಮುನ್ನ ಒದ್ದೆಯಾದ ಬಿಳಿಯ ಅರಿವೆಯನ್ನು ಮೂಲೆಗೆ ಒತ್ತಿ ನೋಡಿರಿ. ಬಣ್ಣವು ಹತ್ತಿದರೆ ಮನೆಯಲ್ಲಿ ಒಗೆಯುವ ಸಾಹಸ ಬೇಡ. ಹತ್ತದಿದ್ದರೆ ತಣ್ಣೀರು, ಸೌಮ್ಯವಾದ ಸಾಬೂನು ಸಾಕು. ಹಿಂಡದೆ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿರಿ. ದಿಂಬಿನ ನೆಯ್ದ ಗವಸಿಗೂ ಇದೇ ನಿಯಮ. ಅದನ್ನು ಒಳಮಗ್ಗುಲು ತಿರುವಿ ಒಗೆದರೆ ಬಣ್ಣ ಉಳಿಯುವುದು. ತೆಗೆದಿಡುವಾಗ ಮಡಿಚಬಾರದು, ಸುತ್ತಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ನೂಲು ಅಲ್ಲಿಯೇ ಮುರಿಯುವುದು. ಉಣ್ಣೆಯ ಕಂಬಳಿಗೆ ನುಸಿಯ ಭಯವಾದರೆ ಹತ್ತಿಯ ಜಮಖಾನಕ್ಕೆ ಮಳೆಗಾಲದ ತಂಪಿನ ಭಯ. ಬೂಷ್ಟು ಹಿಡಿಯದಂತೆ ಗಾಳಿಯಾಡಿಸಬೇಕು. ಅಂಚಿನ ಒಂದೆಳೆ ಬಿಚ್ಚಿದರೆ ಅಂದೇ ಹೊಲಿಯಿರಿ. ಇಂದು ಒಂದೆಳೆ, ನಾಳೆ ಒಂದು ಗೇಣು.

ಇಷ್ಟೆಲ್ಲ ಶ್ರಮವೇಕೆ, ಹರಿದರೆ ಯಂತ್ರದ ಹಾಸಿಗೆ ಅಗ್ಗವಾಗಿ ಸಿಗುವುದಲ್ಲವೇ ಎಂದು ಕೇಳುವವರುಂಟು. ಅವರಿಗೆ ನಮ್ಮ ಉತ್ತರವಿಷ್ಟೆ: ನವಲಗುಂದದಲ್ಲಿ ಇಂದು ನೇಯುವ ಮನೆಗಳು ತೀರ ಕಡಮೆಯಾಗಿವೆ. ಮಗಳು ಮದುವೆಯಾಗಿ ಪರರ ಮನೆಗೆ ವಿದ್ಯೆಯನ್ನು ಒಯ್ದಾಳೆಂದು ಸೊಸೆಗೆ ಮಾತ್ರ ಕಲಿಸುವ ರೂಢಿಯಿತ್ತೆಂದು ಹೇಳುವರು. ಅಷ್ಟು ಬಿಗಿಯಾಗಿ ಕಾಯ್ದ ವಿದ್ಯೆಯನ್ನು ಕಲಿಯುವವರು ಇಂದು ಬೇಕಾಗಿದ್ದಾರೆ.

ನಾವು ವಕೀಲರು, ಕಾಯಿದೆಯ ಬಲವನ್ನೂ ಅದರ ಮಿತಿಯನ್ನೂ ಬಲ್ಲೆವು. 1999ರಲ್ಲಿ ಅಂಗೀಕೃತವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ನವಲಗುಂದದ ಜಮಖಾನದ ಹೆಸರು 2011ರಲ್ಲಿ ನೋಂದಣಿಯಾಯಿತು. ಅನ್ಯ ಸರಕನ್ನು ಆ ಹೆಸರಿನಿಂದ ಮಾರುವವನನ್ನು ಕಾಯಿದೆಯು ತಡೆಯಬಲ್ಲದು. ಆದರೆ ಒಬ್ಬ ಹೆಣ್ಣುಮಗಳನ್ನು ಮಗ್ಗದ ಮುಂದೆ ಕೂರಿಸಲು ಯಾವ ಕಾಯಿದೆಗೂ ಸಾಧ್ಯವಿಲ್ಲ. ಅದು ನ್ಯಾಯವಾದ ಕೂಲಿಯ ಕೆಲಸ. ಅಂದರೆ ಕೊಳ್ಳುವವರಾದ ನಮ್ಮ ನಿಮ್ಮ ಕೆಲಸ.

ಆದುದರಿಂದ ಬಾಂಧವರೇ, ಕೊಳ್ಳುವಾಗ ನೇಯ್ದವರ ಕೈಯಿಂದಲೇ ಕೊಳ್ಳಿರಿ, ಹಲವು ದಿನಗಳ ದುಡಿಮೆಯ ಬೆಲೆಗೆ ಚೌಕಾಸಿ ಮಾಡಬೇಡಿರಿ. ಕೊಂಡ ಬಳಿಕ ಮಕ್ಕಳಿಗೆ ಉಳಿಯುವಂತೆ ಕಾಪಾಡಿರಿ. ಉಪಾಧ್ಯಾಯರು ಒಂದು ಜಮಖಾನವನ್ನು ತರಗತಿಗೆ ತಂದು ಅದರ ಹಾಸುಹೊಕ್ಕುಗಳನ್ನು ಹುಡುಗರ ಬೆರಳಿಗೆ ಪರಿಚಯಿಸಲಿ. ಎಳೆಯ ಬೆಲೆಯನ್ನು ಬೆರಳಿನಿಂದ ಅರಿತವನು ದೊಡ್ಡವನಾದ ಮೇಲೆ ನೇಯ್ದವಳ ಕೂಲಿಯನ್ನು ಕಡಿಯಲಾರನು.