ಖೋಲಿ ಹುಡುಕುವಾಗ



"ಸೋಲಾಪುರದಾಗ ಓದ್ತಿ, ಅಲ್ಲಿ ಇರೂದರ ಬಗ್ಗೆ ನಮ್ಮ ಹುಡುಗರಿಗೆ ಎರಡು ಮಾತು ಹೇಳು" ಅಂತ ಸಂಘದ ಅಣ್ಣಂದಿರು ಅಂದರು. ಅಕ್ಕಲಕೋಟ ಕಡೆಯಿಂದ ಓದಲಿಕ್ಕೆ, ದುಡಿಯಲಿಕ್ಕೆ ಹೋಗುವ ನಮಗೆ ಮೊದಲು ಬೇಕಾಗೂದು ಒಂದು ಖೋಲಿ. ಅದನ್ನೇ ಹೇಳ್ತೀನಿ.

ನಾನೂ ನಮ್ಮಣ್ಣನೂ ಎರಡು ಕಡೆ ನೋಡಿದೆವು. ವಿಜಾಪುರ ರಸ್ತೆ ಕಡೆ ಬೆಳೆದ ಜುಳೆ ಸೋಲಾಪುರ ಹೊಸ ವಸತಿ. ಗಾಳಿ, ಬೆಳಕು, ಓದಲಿಕ್ಕೆ ಶಾಂತ. ಬುಧವಾರ ಪೇಠ ಹಳೆಯದು. ಓಣಿ ಇಕ್ಕಟ್ಟು, ಬಾಜೂ ಮನಿ ಟಿ.ವಿ. ನಮ್ಮ ಖೋಲಿಯಾಗೇ ಹಚ್ಚಿದಂಗ ಕೇಳ್ತದ. ಆದರೆ ಎಸ್.ಟಿ. ಸ್ಟ್ಯಾಂಡ್ ಹತ್ತಿರ, ಊರಿಗೆ ಬಂದು ಹೋಗಲಿಕ್ಕೆ ಸಲೀಸು. ನೀರಿನ ತ್ರಾಸು ಎರಡೂ ಕಡೆ ಅದ. ಉಜನಿ ಡ್ಯಾಂ ತುಂಬಿದರೂ ನಳಕ್ಕೆ ದಿನಾ ನೀರು ಬರೂದಿಲ್ಲ. ಅದಕ್ಕ ಬಾಡಿಗಿ ಕೇಳೂಕಿಂತ ಮೊದಲು ಟಾಕಿ ಎಷ್ಟು ದೊಡ್ಡದು ನೋಡ್ರಿ.

ನಮ್ಮ ಮನಸ್ಸು ಜುಳೆ ಸೋಲಾಪುರದ ಮೇಲೇ ಇತ್ತು. ಒಬ್ಬರು ಖೋಲಿ ತೋರಿಸಿದರು, ಡಿಪಾಸಿಟ್ ಮಾತೂ ಮುಗಿಯಿತು. ಹೊರಡುವಾಗ ಅಡ್ಡಹೆಸರು ಕೇಳಿದರು. ಹೇಳಿದೆವು. ಸಂಜೆ ಫೋನ್ ಬಂತು: ಊರಿಂದ ಅವರ ಅಳಿಯ ಬರ್ತಾನಂತ. ಎರಡು ವಾರ ಆದಮೇಲೆ ಆ ದಾರಿಯಲ್ಲಿ ಹೋದಾಗಲೂ 'ಭಾಡ್ಯಾನೇ ದೇಣೇ ಆಹೇ' ಬೋರ್ಡು ಗೇಟಿಗೆ ಹಂಗೇ ಇತ್ತು.

ಅಮೆರಿಕ, ಲಂಡನ್‌ನಲ್ಲಿ ಓದಿ 1917ರಲ್ಲಿ ಬಡೋದೆಗೆ ನೌಕರಿಗೆ ಹೋದ ಬಾಬಾಸಾಹೇಬರಿಗೇ ಇರಲಿಕ್ಕೆ ಜಾಗ ಸಿಗದೆ ಊರು ಬಿಡಬೇಕಾಯಿತು. ಈಗ ಕಾಯ್ದೆ ಇದೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಮಿನ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ವಸತಿಯಲ್ಲಿ ಮನೆ ಮಾಡಿಕೊಂಡು ಇರಲು ಅಡ್ಡಿ ಮಾಡುವುದು ಅಪರಾಧ. ಇದನ್ನ ಎಲ್ಲರೂ ತಿಳಕೋಬೇಕು. ಆದರೆ "ಅಳಿಯ ಬರ್ತಾನ" ಅಂದವರ ಮೇಲೆ ಏನಂತ ಸಾಬೀತು ಮಾಡೂದು?

ಬುಧವಾರ ಪೇಠದ ಮನಿ ಆಯಿ ಕೇಳಿದ್ದು, "ಯಾವೂರು ತಮ್ಮಾ, ಉಂಡೀರೇನು?" ಅಷ್ಟೇ. ಅಲ್ಲೇ ಇದ್ದೀವಿ. ಜ್ವರ ಬಂದರೆ ಗಂಜಿ ಬರ್ತದ. ಏಪ್ರಿಲ್ 14ಕ್ಕ ಓಣಿ ತುಂಬ ನೀಲಿ, ರಾತ್ರಿಯೆಲ್ಲ ನಿದ್ದೆ ಇಲ್ಲ. ಪರೀಕ್ಷೆ ಇದ್ದರೂ ನನಗೇನೂ ಬೇಸರ ಇಲ್ಲ. ಆದರೂ ಅಣ್ಣ ಒಮ್ಮೊಮ್ಮೆ ಕೇಳ್ತಾನ: "ಇದು ನಾವು ಆರಿಸಿದ್ದೋ, ನಮಗೆ ಉಳಿದದ್ದೋ?" ನನಗೆ ಉತ್ತರ ಕೊಡಲಿಕ್ಕೆ ಆಗೂದಿಲ್ಲ.

ಜೂನ್‌ನಲ್ಲಿ ಮತ್ತೊಮ್ಮೆ ಜುಳೆ ಸೋಲಾಪುರಕ್ಕೆ ಹೋಗಿ ನೋಡೋರಿದ್ದೀವಿ. ಈ ಸಲ ಗೇಟಿನಲ್ಲೇ ಅಡ್ಡಹೆಸರು ಹೇಳೂದು, ಖೋಲಿ ಆಮೇಲೆ. ಅಲ್ಲಿ ಸಿಕ್ಕರೆ ಈಗಿನ ಖೋಲಿ ಖಾಲಿ ಆಗ್ತದ. ಈ ವರ್ಷ ಕಾಲೇಜಿಗೆ ಬರುವವರು ಯಾರಾದರೂ ಇದ್ದರೆ ನನಗೆ ಮೊದಲೇ ಹೇಳಿಡ್ರಿ, ಆಯಿಗೆ ಮಾತಾಡ್ತೀನಿ.