ತಲೆನೋವು ನೆಪವಲ್ಲ



ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿ ತಿಂಗಳಿಗೆ ಎರಡು ಮೂರು ಸಲ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಕೇಳಿದರೆ "ಟೀಚರ್, ತಲೆನೋವು" ಎನ್ನುತ್ತಿದ್ದಳು. ಕಿರುಪರೀಕ್ಷೆಯ ದಿನವೂ ಹಾಗೆಯೇ ಆದಾಗ, "ಓದದವರಿಗೆಲ್ಲ ಪರೀಕ್ಷೆಯ ದಿನವೇ ತಲೆನೋವು" ಎಂದು ಎಲ್ಲರೆದುರು ಗದರಿದೆ. ಅವಳು ಎದುರು ಮಾತನಾಡಲಿಲ್ಲ. ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಅದು ಮೈಗ್ರೇನ್ ಎಂದು ವೈದ್ಯರು ಹೇಳಿದ್ದು ನನಗೆ ಆಮೇಲೆ ತಿಳಿಯಿತು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಆದ್ದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಉರ್ದುವಿನಲ್ಲಿ ಇದನ್ನು ಆಧಾ ಸೀಸಿ ಎನ್ನುತ್ತೇವೆ. ಹಕೀಮರು ಬಳಸುವ ಅರಬ್ಬಿ ಪದ ಶಕೀಕಾ. ಕನ್ನಡದಲ್ಲಿ ಅರೆತಲೆನೋವು. ಮೈಗ್ರೇನ್ ಪದದ ಗ್ರೀಕ್ ಮೂಲಕ್ಕೂ ಅರ್ಧ ತಲೆ ಎಂದೇ ಅರ್ಥ. ಎಲ್ಲ ಭಾಷೆಗಳಲ್ಲೂ ಹೆಸರಿತ್ತು, ಆದರೆ ಕಣ್ಣಿಗೆ ಕಾಣುವ ಸಾಕ್ಷಿ ಇರಲಿಲ್ಲ. ಗಾಯವಿಲ್ಲ, ಜ್ವರವಿಲ್ಲ. ಹಾಗಾಗಿ ನೊಂದವರ ಮಾತನ್ನು ಲೋಕ ನಂಬಲಿಲ್ಲ.

ಆ ಸಾಕ್ಷಿಯನ್ನು ಹುಡುಕಿದವರಲ್ಲಿ ಒಬ್ಬರು ನರರೋಗ ತಜ್ಞ ಪೀಟರ್ ಗೋಡ್ಸ್‌ಬಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯಕೀಯ ಓದಿ, ತಲೆನೋವಿನ ಅಧ್ಯಯನಕ್ಕೆ ಹೆಸರಾದ ಜೇಮ್ಸ್ ಲ್ಯಾನ್ಸ್ ಎಂಬ ಗುರುವಿನ ಕೈಕೆಳಗೆ ಪಳಗಿದರು. ಮುಖ ಮತ್ತು ತಲೆಯ ನೋವನ್ನು ಮೆದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ಎಂಬ ನರ ನಮ್ಮೆಲ್ಲರಲ್ಲೂ ಇದೆ. ಈ ನರದ ತುದಿಗಳಲ್ಲಿ ಸಿಜಿಆರ್‌ಪಿ ಎಂಬ ರಾಸಾಯನಿಕ ಇರುವುದನ್ನು ಸ್ವೀಡನ್ನಿನ ಲಾರ್ಸ್ ಎಡ್ವಿನ್ಸನ್ 1980ರ ದಶಕದಲ್ಲಿ ಅಭ್ಯಸಿಸುತ್ತಿದ್ದರು. ಇಬ್ಬರೂ ಕೈಜೋಡಿಸಿದರು.

ಅವರು ಮಾಡಿದ್ದು ಸರಳ ಕೆಲಸ. ಮೈಗ್ರೇನ್ ಬಂದಿರುವಾಗಲೇ ರೋಗಿಗಳ ಕತ್ತಿನ ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದರು. ಅಳೆದ ಹಲವು ರಾಸಾಯನಿಕಗಳಲ್ಲಿ ಸಿಜಿಆರ್‌ಪಿ ಮಾತ್ರ ಏರಿತ್ತು. ಇದು ಪ್ರಕಟವಾದದ್ದು 1990ರಲ್ಲಿ. ಸುಮಟ್ರಿಪ್ಟಾನ್ ಔಷಧ ಕೊಟ್ಟು ನೋವು ಇಳಿದಾಗ ಸಿಜಿಆರ್‌ಪಿಯೂ ಇಳಿಯುತ್ತದೆ ಎಂದು 1993ರಲ್ಲಿ ತೋರಿಸಿದರು. "ತಲೆನೋವು" ಎಂಬ ಮಾತಿಗೆ ರಕ್ತವೇ ಸಾಕ್ಷಿ ನುಡಿದಿತ್ತು.

ವಿದ್ಯಾರ್ಥಿಗಳೇ, ಮುಂದಿನದನ್ನು ಗಮನವಿಟ್ಟು ಕೇಳಿ. ಸಿಜಿಆರ್‌ಪಿಯನ್ನು ತಡೆದರೆ ಮೈಗ್ರೇನ್ ಶಮನವಾಗುತ್ತದೆ ಎಂದು 2004ರಲ್ಲಿ ರೋಗಿಗಳಲ್ಲಿ ಸಾಬೀತಾಯಿತು. ಆದರೆ ಹಾಗೆ ತಡೆಯುವ ಇನ್ನೊಂದು ಔಷಧ ಯಕೃತ್ತಿಗೆ ತೊಂದರೆ ಮಾಡುವ ಲಕ್ಷಣ ಕಂಡು, 2011ರಲ್ಲಿ ಅದರ ಕೆಲಸವನ್ನೇ ನಿಲ್ಲಿಸಬೇಕಾಯಿತು. ಸಂಶೋಧಕರು ಕೈಚೆಲ್ಲಲಿಲ್ಲ. ಕೊನೆಗೆ 2018ರಲ್ಲಿ, ಮೈಗ್ರೇನ್ ಬಾರದಂತೆ ತಡೆಯಲು ತಿಂಗಳಿಗೊಮ್ಮೆ ಕೊಡುವ ಎರೆನುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತ ಪರೀಕ್ಷೆಯಿಂದ ಔಷಧದವರೆಗೆ 28 ವರ್ಷ! ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಓದನ್ನೇ ಬಿಡುವ ನಮ್ಮ ಮಕ್ಕಳು ಈ ಲೆಕ್ಕವನ್ನು ನೆನಪಿಡಬೇಕು. ಗೋಡ್ಸ್‌ಬಿ, ಎಡ್ವಿನ್ಸನ್, ಅಮೆರಿಕದ ಮೈಕೆಲ್ ಮಾಸ್ಕೊವಿಟ್ಜ್, ಡೆನ್ಮಾರ್ಕಿನ ಯೆಸ್ ಓಲೆಸನ್ ಈ ನಾಲ್ವರಿಗೆ 2021ರಲ್ಲಿ ಬ್ರೈನ್ ಪ್ರೈಜ್ ಎಂಬ ದೊಡ್ಡ ಪ್ರಶಸ್ತಿ ಸಂದಿತು.

ಇದು ದೂರದ ದೇಶಗಳ ಕಾಯಿಲೆಯಲ್ಲ. ನಮ್ಮ ಕರ್ನಾಟಕದಲ್ಲೇ 2,329 ವಯಸ್ಕರನ್ನು ಮಾತನಾಡಿಸಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್ ಇದ್ದುದು ಅದರಲ್ಲಿ ಕಂಡುಬಂದಿತು. ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ನಿಮ್ಮ ಅಮ್ಮಿಯೋ ಆಪಾನೋ ತಲೆಗೆ ದುಪಟ್ಟಾ ಬಿಗಿದು ಕತ್ತಲೆಯ ಕೋಣೆಯಲ್ಲಿ ಮಲಗಿದ್ದರೆ ಸೋಮಾರಿತನವೆಂದು ತಿಳಿಯಬೇಡಿ. ಬೆಳಕು, ಸದ್ದು ಎರಡನ್ನೂ ತಾಳಲಾರದ ನೋವದು. ದೀಪ ಆರಿಸಿ, ಟಿ.ವಿ. ತಗ್ಗಿಸಿ, ಅಂದಿನ ಅಡುಗೆ ಕೆಲಸ ನೀವು ಮಾಡಿ.

ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಸಾಕಷ್ಟು ನೀರು ಇವು ಬಹಳ ಜನರಿಗೆ ನೆರವಾಗುತ್ತವೆ. ಅಂಗಡಿಯ ಮಾತ್ರೆಯನ್ನು ಪದೇ ಪದೇ ನುಂಗುವುದರಿಂದಲೇ ತಲೆನೋವು ಹೆಚ್ಚುವುದುಂಟು. ಆದ್ದರಿಂದ ವೈದ್ಯರನ್ನು ಕೇಳಿ. ಹಠಾತ್ತನೆ ಹಿಂದೆಂದೂ ಕಾಣದ ತಲೆನೋವು ಬಂದರೆ, ಅಥವಾ ತಲೆನೋವಿನ ಜೊತೆ ಜ್ವರ ಬಂದು ಕತ್ತು ಬಿಗಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮಗು "ತಲೆನೋವು" ಎಂದಾಗ ಮೊದಲು ನಂಬೋಣ, ಆಮೇಲೆ ವಿಚಾರಿಸೋಣ. ವಿಜ್ಞಾನಿಗಳೂ ಮಾಡಿದ್ದು ಅದನ್ನೇ. ಇತರರ ನೋವನ್ನು ನಂಬುವ ಮನಸ್ಸನ್ನೂ ಅದರ ಕಾರಣ ಹುಡುಕುವ ಜ್ಞಾನವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.