ಸಂಘದ ಕೆಲಸವೂ ಕಾಯಕವೇ
(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಸಂಘದಲ್ಲಿ ದುಡಿದರೆ ನಮ್ಮ ವ್ಯಾಪಾರ ಬೆಳೆಯುತ್ತದೆಯೇ ಎಂದು ಯುವಕರು ಕೇಳುತ್ತಾರೆ. ಲಾಭ ಬರುತ್ತದೆಂದು ಮಾಡಿದ ಸೇವೆ ದಾಸೋಹ ಆದೀತೇ ಎಂದು ಹಿರಿಯರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕಬ್ಬಿಣದ ಗೇಟು, ಗ್ರಿಲ್ಲು, ಟ್ರೇಲರ್ ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುವವನಾಗಿ, ನಮ್ಮೂರಿನ ಉದ್ದಿಮೆದಾರರ ಸಂಘದಲ್ಲಿ ಕಾರ್ಯದರ್ಶಿಯಾಗಿ, ಖಜಾಂಚಿಯಾಗಿ ದುಡಿದವನಾಗಿ ನಾನು ಕಂಡದ್ದನ್ನು ಹೇಳುತ್ತೇನೆ.

ನಮ್ಮ ನಾಡಿನಲ್ಲಿ ಇಂಥ ಸಂಘಗಳು ಹೊಸವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ೧೯೧೬ರಲ್ಲಿ ಮೈಸೂರು ವಾಣಿಜ್ಯ ಸಂಸ್ಥೆ ಹುಟ್ಟಿತು. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ೧೯೨೮ರದು. ಸಣ್ಣ ಕೈಗಾರಿಕೆಗಳವರ ‘ಕಾಸಿಯಾ’ ೧೯೪೯ರದು. ಇವುಗಳ ಪದಾಧಿಕಾರಿಗಳು ತಮ್ಮ ಅಂಗಡಿ, ಕಾರ್ಖಾನೆ ನೋಡಿಕೊಂಡು, ಉಳಿದ ಹೊತ್ತನ್ನು ಸಂಘಕ್ಕೆ ಕೊಡುತ್ತ ಬಂದವರು.

ಸಂಘದಿಂದ ವ್ಯಾಪಾರ ಬೆಳೆಯುವುದು ಹೇಗೆ? ಮೊದಲನೆಯದು ತಿಳಿವಳಿಕೆ. ಒಂದು ಉದಾಹರಣೆ. ಒಬ್ಬ ದೊಡ್ಡ ಗುತ್ತಿಗೆದಾರರು ನನ್ನ ಬಿಲ್ಲಿನ ಹಣವನ್ನು ಏಳು ತಿಂಗಳು ಹಿಡಿದಿಟ್ಟಿದ್ದರು. ೨೦೦೬ರ ಸಣ್ಣ ಉದ್ದಿಮೆಗಳ ಕಾಯಿದೆಯ ಪ್ರಕಾರ, ಸರಕು ಒಪ್ಪಿಕೊಂಡವರು ಬರವಣಿಗೆಯ ಕರಾರು ಇದ್ದರೂ ೪೫ ದಿನ ಮೀರದೆ, ಕರಾರು ಇಲ್ಲದಿದ್ದರೆ ೧೫ ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇದನ್ನು ನಾನು ತಿಳಿದದ್ದು ಸಂಘದ ಶಿಬಿರಕ್ಕೆ ಕುರ್ಚಿ ಹಾಕಲು ಹೋದ ದಿನ. ಕಾಯಿದೆಯ ಆಧಾರದಲ್ಲಿ ಒಂದು ಪತ್ರ ಬರೆದೆ, ಅಸಲು ಬಂತು. ಈ ರಕ್ಷಣೆ ಬೇಕಾದವರು ಉದ್ಯಮ್ ನೋಂದಣಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಇನ್ನೊಂದು ಮಾತು: ಕೊಂಡು ಮಾರುವ ವ್ಯಾಪಾರಿಗಳಿಗೆ ೨೦೨೧ರಿಂದ ಈ ನೋಂದಣಿ ತೆರೆದಿದ್ದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ.

ಎರಡನೆಯದು ನಂಬಿಕೆ. ಸಭೆಯ ನಡಾವಳಿಯನ್ನು ಹೊತ್ತಿಗೆ ಸರಿಯಾಗಿ ಬರೆದು ಕಳಿಸುವವನು, ಕೊಟ್ಟ ರಸೀದಿಗೂ ಖರ್ಚಿನ ಚೀಟಿಗೂ ತಾಳೆ ಹಾಕಿಡುವವನು ತನ್ನ ಗಿರಾಕಿಯ ಕೆಲಸವನ್ನೂ ಹಾಗೆಯೇ ಮಾಡುತ್ತಾನೆಂದು ಜನ ಲೆಕ್ಕ ಹಾಕುತ್ತಾರೆ. ಜಾಹೀರಾತಿಗೆ ಸಿಗದ ಹೆಸರು ಇದು. ನನಗೆ ಬಂದ ಒಳ್ಳೆಯ ಕೆಲಸಗಳಲ್ಲಿ ಬಹಳಷ್ಟನ್ನು ಹೇಳಿಕಳಿಸಿದವರು ನನ್ನದೇ ಕಸುಬಿನವರು. ತಮ್ಮ ಕೈತುಂಬ ಕೆಲಸವಿದ್ದಾಗ ‘ಅವರ ಹತ್ರ ಹೋಗ್ರಿ, ಮಾತಿಗೆ ತಪ್ಪೂದಿಲ್ಲ’ ಎಂದು ಕಳಿಸಿದರು. ಎದುರಾಳಿ ಅಂದುಕೊಂಡವನು ಸಂಘದ ಚಾಪೆಯ ಮೇಲೆ ಕೂತಾಗ ಸಹೋದ್ಯಮಿಯಾಗುತ್ತಾನೆ.

ಆದರೆ ಇದಕ್ಕೆ ವರ್ಷಗಳು ಬೇಕು. ಮೊದಲ ಸಭೆಗೇ ವಿಸಿಟಿಂಗ್ ಕಾರ್ಡ್ ಹಂಚುತ್ತ ಬರುವವರನ್ನು ನೋಡಿದ್ದೇನೆ. ಎರಡು ತಿಂಗಳಲ್ಲಿ ಆರ್ಡರು ಬರದಿದ್ದರೆ ಮೂರನೆಯ ತಿಂಗಳು ಅವರೇ ಬರುವುದಿಲ್ಲ.

ಈಗ ಹಿರಿಯರ ಪ್ರಶ್ನೆ. ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ತಾಯಿ ಅದನ್ನು ಮರಳಿ ಚೆಲ್ಲಿ ಬರಲು ಹೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ಆ ತಾಯಿ ಅಕ್ಕಿ ತರುವುದನ್ನು ಬೇಡವೆನ್ನಲಿಲ್ಲ. ಕಾಯಕಕ್ಕೆ ಸಲ್ಲದ ಹೆಚ್ಚಳವನ್ನು ಬೇಡವೆಂದರು. ಸಂಘಕ್ಕೂ ಇದೇ ಅಳತೆ. ನಡತೆಯನ್ನು ಕಂಡು ಗಿರಾಕಿ ಬಂದರೆ ಅದು ಕಾಯಕದ ಫಲ. ಕುರ್ಚಿಯನ್ನು ಕಂಡು ಬಂದರೆ ಅದು ಮರಳಿ ಚೆಲ್ಲಬೇಕಾದ ಅಕ್ಕಿ.

ಆದ್ದರಿಂದ ಕೆಲವು ಕಟ್ಟಳೆಗಳು ಬೇಕು. ಸಂಘಕ್ಕೆ ಬೇಕಾದ ಸಾಮಾನನ್ನು ಪದಾಧಿಕಾರಿ ತನ್ನ ಅಂಗಡಿಯಿಂದ ಮಾರಬಾರದು. ತನ್ನ ಲಾಭದ ವಿಷಯ ಚರ್ಚೆಗೆ ಬಂದರೆ ಅದನ್ನು ಬಾಯಿಬಿಟ್ಟು ಹೇಳಿ ಎದ್ದು ಹೊರಗೆ ಕೂರಬೇಕು. ಅವಧಿ ಮುಗಿದ ಮೇಲೆ ಕುರ್ಚಿ ಬಿಡಬೇಕು. ಲೆಕ್ಕ ಯಾರು ಯಾವಾಗ ಕೇಳಿದರೂ ತೋರಿಸುವಂತಿರಬೇಕು. ಬಿಜ್ಜಳನ ಭಂಡಾರದ ಮೇಲೆ ಅಪವಾದ ಬಂದಾಗ ಅಪ್ಪ ಬಸವಣ್ಣನವರ ಲೆಕ್ಕ ಒಪ್ಪವಾಗಿತ್ತೆಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಹೆಸರು ಹೇಳುವ ಖಜಾಂಚಿಗೆ ಬೇರೆ ಮಾದರಿ ಬೇಕಿಲ್ಲ.

ಕೊನೆಯದಾಗಿ, ಸ್ವಲ್ಪ ಕಹಿಯಾದರೂ ಹೇಳಲೇಬೇಕಾದ ಮಾತು. ಇತ್ತೀಚೆಗೆ ‘ನಮ್ಮವರೇ ಸೇರಿ ನಮ್ಮವರಿಗೇ ವ್ಯಾಪಾರ ಕೊಡೋಣ’ ಎಂಬ ಕೂಟಗಳು ಎಲ್ಲ ಜಾತಿಗಳಲ್ಲೂ ಹುಟ್ಟುತ್ತಿವೆ. ನಮ್ಮಲ್ಲೂ ಇವೆ. ಹೊಸದಾಗಿ ಅಂಗಡಿ ಇಟ್ಟ ಹುಡುಗನಿಗೆ ಅಲ್ಲಿ ಆಸರೆ ಸಿಗುವುದು ನಿಜ. ಆದರೆ ಅನುಭವ ಮಂಟಪದಲ್ಲಿ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಒಟ್ಟಿಗೆ ಕೂತಿದ್ದರು. ಅವರನ್ನು ಕೂಡಿಸಿದ್ದು ಹುಟ್ಟಲ್ಲ, ನಿಷ್ಠೆ ಮತ್ತು ಕಾಯಕ. ಅವರ ಮಕ್ಕಳಾದ ನಾವು ಜಾತಿ ನೋಡಿ ಬಿಲ್ಲು ಹರಿಯುವುದಾದರೆ ಕೊರಳಲ್ಲಿ ಇಷ್ಟಲಿಂಗ ಏಕೆ? ನಿಮ್ಮ ಬೀದಿಯ ಸಂಘಕ್ಕೆ ಹೋಗಿ. ಅಲ್ಲಿ ಪಂಕ್ಚರ್ ಅಂಗಡಿಯವರು, ಹೊಲಿಗೆಯ ಅಕ್ಕ, ರೊಟ್ಟಿ ಮಾಡಿ ಮಾರುವ ತಾಯಿ ಸದಸ್ಯರಾಗಿದ್ದಾರೆಯೇ ನೋಡಿ. ಇಲ್ಲದಿದ್ದರೆ ಅವರನ್ನು ಕರೆತರುವುದೇ ನಿಮ್ಮ ಮೊದಲ ಸೇವೆಯಾಗಲಿ.

ಬರುವ ತಿಂಗಳ ಗೋಷ್ಠಿಯ ಹೊತ್ತಿಗೆ ಇಲ್ಲಿರುವ ಯುವಕರಲ್ಲಿ ಐದು ಜನ ತಮ್ಮೂರಿನ ಸಂಘದಲ್ಲಿ ಒಂದೊಂದು ಕೆಲಸ ಹೊತ್ತು ಬಂದರೆ ನನ್ನ ಮಾತು ಸಾರ್ಥಕ.